ಗುಡಿಬಂಡೆ ಸ್ಟ್ಯಾಂಡಿನ ಆಷಾಢ

ಕೈತುಂಬ ನೀಲಿ, ಜೀನ್ಸ್ ಬಟ್ಟೆಯ ನೀಲಿ, ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುವ ನೀಲಿ, ಕಟಿಂಗ್ ಮಷೀನು ಗುಂಯ್ ಎನ್ನುತ್ತ ಬಟ್ಟೆಯ ಪದರಗಳೊಳಗೆ ಹೋಗುತ್ತಿದೆ, ಗುರುಪ್ರಕಾಶನ ಕಣ್ಣು ಮಾತ್ರ ಮೇಜಿನ ತುದಿಯ ಫೋನಿನ ಮೇಲೆ — ಬೆಳಕು ಬಂತೇ, ಇಲ್ಲ, ಬಂತು, ಬ್ಯಾಂಕಿನ ಮೆಸೇಜು, ಹಾಳಾಗಿ ಹೋಗಲಿ. ಐರ್ಲೆಂಡಿನಲ್ಲಿ ಈಗ ಬೆಳಗಾಗಿರಬೇಕು, ಹೆಂಡತಿ ಸಂಧ್ಯಾ ಎದ್ದಿರುತ್ತಾಳೆ, ಹೊಟ್ಟೆ ಹಿಡಿದುಕೊಂಡು ಎದ್ದು ನರ್ಸ್ ಬಟ್ಟೆ ಹಾಕಿಕೊಳ್ಳುತ್ತಿರುತ್ತಾಳೆ, ಸಂಕ್ರಾಂತಿಗೆ ರಜೆ ಹಾಕಿ ಬಂದು ಹೋದವಳು, ದಸರಾ ಹೊತ್ತಿಗೆ ಹೆರಿಗೆ, ಅಷ್ಟರೊಳಗೆ ಗಂಡನೆಂದು ತನಗೆ ವೀಸಾ ಬಂದರೆ ತಾನು ಪಕ್ಕದಲ್ಲಿರುತ್ತಾನೆ, ಬರದಿದ್ದರೆ ಅವಳೊಬ್ಬಳೇ, ಒಂದು ಲೋಟ ಬಿಸಿನೀರು ಕೊಡಲು ಕೂಡ ಯಾರೂ — ಛೆ. ಹೊಲಿಯುವ ಸಣ್ಣಬಸಪ್ಪ ದಿನಾ ಕೇಳುತ್ತಾನೆ, ಏನ್ರಿ ಕಟಿಂಗ್ ಮಾಸ್ತರ, ಇನ್ನೂ ಬರಲಿಲ್ಲೇನ್ರಿ, ನಮ್ಮ ರೇಷನ್ ಕಾರ್ಡಿಗಿಂತ ನಿಧಾನ ಐತಲ್ರಿ, ನಗಬೇಕು, ನಗುತ್ತಾನೆ, ಒಳಗೆ ಉರಿಯುತ್ತದೆ. ತಪ್ಪು ತನ್ನ ಬಾಯಿಯದೇ. ಏಜೆಂಟ್ ನರೇಶ್ ಅರ್ಜಿ ತುಂಬುತ್ತ ಕೇಳಿದ್ದ, ಆಕಿ ಫಾರಿನ್ನಿಗೆ ಹೋಗೋಕ ಮುಂಚೆ ಯಾವಾಗರ ಬ್ಯಾರೆ ಬ್ಯಾರೆ ಇದ್ರೇನ್ರಿ, ಹೌದ್ರಿ, ಮದುವಿಯಾದ ವರ್ಷ ಆಷಾಢದಾಗ ಆಕಿ ಮಡಕಶಿರಾಕ ತವರಿಗೆ ಹೋಗಿದ್ಲು ಅಂದುಬಿಟ್ಟ, ದೊಡ್ಡ ಹರಿಶ್ಚಂದ್ರ. ಹೊಸ ಸೊಸೆ ಅತ್ತೆ ಒಂದೇ ಹೊಸ್ತಿಲು ದಾಟಬಾರದು, ಅಳಿಯ ಅತ್ತೆಮನೆಗೆ ಕಾಲಿಡಬಾರದು, ಎಲ್ಲರ ಮನೆಯಲ್ಲೂ ಇದ್ದದ್ದೇ, ಅದನ್ನು ಯಾರಾದರೂ ಗಂಡಹೆಂಡತಿ ಬೇರೆಯಾದರು ಅನ್ನುತ್ತಾರೆಯೇ, ಆ ದೇಶದ ಆಫೀಸರು ಅಂದ. ಮದುವೆಯಾದ ಕೂಡಲೇ ದೂರವಾದಿರಿ ಯಾಕೆ, ಈ ಸಂಬಂಧ ನಿಜವೇ, ಆಗ ಭೇಟಿಯಾಗಿದ್ದಿರಾ, ಕಂಡವರಿದ್ದರೆ ಬರೆಸಿ ಕಳಿಸಿ. ಆಗಿದ್ದೆವು ಸ್ವಾಮಿ, ಕದ್ದು ಆಗಿದ್ದೆವು, ಬಳ್ಳಾರಿಗೆ ಬಟ್ಟೆ ತರಲು ಹೋಗುತ್ತೇನೆಂದು ಸುಳ್ಳು ಹೇಳಿ ಅವಳ ತವರಿನ ಹತ್ತಿರದ ಗುಡಿಬಂಡೆಯಲ್ಲಿ ಇಳಿದಿದ್ದೆ, ಸ್ಟ್ಯಾಂಡಿನ ಹಿಂದಿನ ಹೋಟೆಲಿನಲ್ಲಿ ಒಂದೇ ತಟ್ಟೆ ಚಿತ್ರಾನ್ನ, ಅವಳು ಮೆಣಸಿನಕಾಯಿ ಆರಿಸಿ ನನ್ನ ಕಡೆಗೆ ತಳ್ಳುತ್ತಿದ್ದಳು, ತಿನ್ರೀ, ಗಂಡಸಲ್ವಾ. ಫೋಟೋ ಇಲ್ಲ. ಕದ್ದು ಹೋದವರು ಫೋಟೋ ತೆಗೆಸಿಕೊಳ್ಳುತ್ತಾರೆಯೇ.

ಮಷೀನು ನಿಲ್ಲಿಸಿದ, ಅತ್ತೆ ವಿಶಾಲಮ್ಮನಿಗೆ ಫೋನು ಮಾಡಿದ, ಇದೂ ಆಷಾಢವೇ, ಈ ತಿಂಗಳು ಎಲ್ಲರಿಗೂ ಮುಗಿಯುತ್ತದೆ, ತನಗೊಬ್ಬನಿಗೆ ಯಾಕೆ ಮುಗಿಯುತ್ತಿಲ್ಲ — ಯಾಕಪ್ಪಾ, ಸಂಧ್ಯಾ ಚೆನ್ನಾಗವ್ಳಾ, ಚಲೋ ಅದಾಳ್ರಿ ಅತ್ತೆ, ಒಂದು ಮಾತು ಹೇಳಬೇಕಿತ್ರಿ, ಬೈಬ್ಯಾಡ್ರಿ, ಹೇಳಿದ, ಗುಡಿಬಂಡೆಯ ಭೇಟಿ, ಕಂಡವರ ಕಾಗದ ಕೇಳಿದ ಆಫೀಸರು, ಎಲ್ಲ ಹೇಳಿದ, ಆ ಕಡೆ ಕೋಳಿ ಕೂಗುತ್ತಿದೆ, ಇನ್ನು ಬೈಗುಳವೇ. ನಾನು ನೋಡಿದ್ದೆ ಕಣಪ್ಪ. ಬ್ಲೌಸ್ ಹೊಲ್ಸಾಕೆ ಅಂತ ಹೊಂಟೋಳು ಬಟ್ಟೆನೇ ಬಿಟ್ಟು ಹೋಗಿದ್ಲು, ಕೊಡಾನ ಅಂತ ಹಿಂದಿನ ಆಟೋ ಹತ್ದೆ, ನಿಮ್ಮಿಬ್ರನ್ನ ನೋಡಿ ಸುಮ್ನೆ ನಿಂತ್ಕಂಡೆ. ಬರ್ಕೊಡ್ತೀನಿ ಬುಡು, ಸೈನೂ ಹಾಕ್ತೀನಿ. ಅಬ್ಬಾ ಎನಿಸಿತು, ಎದೆ ಹಗುರಾಯಿತು, ಎಲ್ಲಿ ಹಗುರ, ನರೇಶ್ ಮೊದಲೇ ಹೇಳಿದ್ದಾನೆ, ಬರೆಸಿ ಕೊಟ್ರೂ ಮತ್ತ ಕಾಯಬೇಕ್ರಿ, ದಸರಾ ಒಳಗ ಅಂತ ನಾ ಹೆಂಗ ಹೇಳ್ಲಿ. ಅತ್ತೆ ಇನ್ನೂ ಮಾತಾಡುತ್ತಿದ್ದಾಳೆ, ನೀನು ಬಸ್ ಹತ್ತಿ ಹೋದ್ಮೇಲೂ ಅಲ್ಲೇ ನಿಂತಿದ್ಲು ಕಣಪ್ಪ, ಆಟೋಗಳು ತುಂಬ್ಕೊಂಡ್ ಹೋದ್ವು, ಹತ್ತಲಿಲ್ಲ ಅವ್ಳು. ಅವನಿಗೆ ಗೊತ್ತಿರಲಿಲ್ಲ, ಯಾರಾದರೂ ಗುರುತು ಹಿಡಿದಾರೆಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ, ತಿರುಗಿ ನೋಡಿರಲಿಲ್ಲ, ಒಂದು ಸಲ ತಿರುಗಿದ್ದರೆ — ನರೇಶನಿಗೆ ಹೇಳಬೇಕು, ಅತ್ತೆಯಿಂದ ಕಾಗದ ತರಿಸಬೇಕು, ಬಸ್ಸು ಹೋಗಿದೆ, ಧೂಳು ಇಳಿದಿದೆ, ಆಟೋದವನು ಕರೆಯುತ್ತಿದ್ದಾನೆ, ಬಾಮ್ಮಾ, ಅವಳು ಹತ್ತುವುದಿಲ್ಲ, ಇವತ್ತೇ ತರಿಸಬೇಕು, ಅವಳು ಹತ್ತುವುದಿಲ್ಲ, ಅಂದು ಇರದ ಹೊಟ್ಟೆ ಈಗ ಮುಂದೆ ಬಂದಿದೆ, ಒಂದು ಕೈ ಸೊಂಟದ ಮೇಲೆ, ಮುಖ ರಸ್ತೆಯ ಕಡೆಗೆ, ನಿಂತಿದ್ದಾಳೆ.