ಬೀಜಕ್ಕೆ ಬಿಟ್ಟ ಸೌತೆಕಾಯಿ

ಒಂದಾನೊಂದು ಹಿತ್ತಿಲಿನಲ್ಲಿ ದಪ್ಪನೆಯ ಹಳದಿ ಸೌತೆಕಾಯಿಯೊಂದು ಹಂಸವಾಗಲು ಕಾಯುತ್ತಿತ್ತು. ಅಜ್ಜಿಯ ಕತೆ ಕೇಳಿ ಬೆಳೆದ ನಾನು ಹಾಗೆಂದುಕೊಂಡೇ ಅದನ್ನು ಕಿತ್ತೆ. ಪಕ್ಕದ ಮನೆಯ ಗೌಸಿಯಾಗೆ ರಂಜಾನ್ ಹಬ್ಬದ ಊಟದ ನಡುವೆ ಇಡಲು, ಆಮೇಲೆ ಎಲ್ಲರೂ ತಿನ್ನಲು, ತರಕಾರಿಯ ಹಂಸ ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ತಿರುಳನ್ನು ಬೀಜದ ಸಮೇತ ಕೆರೆದು ಎಮ್ಮೆಯ ಕಲಗಚ್ಚಿನ ಬಕೆಟ್ಟಿಗೆ ಹಾಕಿ, ಮೂಲಂಗಿಯಲ್ಲಿ ಕತ್ತು ಕೊರೆದು ಕ್ಯಾರೆಟ್ಟಿನ ಕೊಕ್ಕು ಸಿಕ್ಕಿಸುತ್ತಿದ್ದಾಗ ಅಜ್ಜಿ ಬಂದಳು.

"ಬಳ್ಳೀಲಿದ್ದದ್ದು ಇದೇನಾ? ಬೀಜಕ್ಕೆ ಬಿಟ್ಟಿದ್ದೆ ಕಣವ್ವ. ತವರು ಗೋವಿನಕೋವಿಯಿಂದ ನಮ್ಮವ್ವ ಕೊಟ್ಟ ತಳಿ, ಅದೊಂದೇ ಉಳಿದಿತ್ತು."

ಅಜ್ಜಿ ಹಂಸವನ್ನು ತಿರುಗಿಸಿ ನೋಡಿ, "ಚಂದ ಐತೆ. ಕೊಕ್ಕು ಮಾತ್ರ ಕಾಗೇದು" ಎಂದಳು. ಬೈದಿದ್ದರೇ ವಾಸಿಯಿತ್ತು.

ಕೊಟ್ಟಿಗೆಗೆ ಓಡಿ, ಎಮ್ಮೆ ಬಾಯಿ ಹಾಕುವ ಮೊದಲೇ ಬಕೆಟ್ಟಿಗೆ ಮೊಣಕೈವರೆಗೂ ಕೈಯಿಳಿಸಿದೆ. ಸಿಕ್ಕಷ್ಟು ಬೀಜ ತೊಳೆದು, ಬೂದಿ ಸವರಿ ಮೊರದಲ್ಲಿ ಹರಡಿದೆ.

"ಇವು ಹುಟ್ತಾವಾ ಅಜ್ಜಿ?"

"ಹಾಕಿ ನೋಡಾಣ. ನೀನು ಹೋಗು, ಆ ಹುಡುಗಿ ಕಾಯ್ತಿರ್ತಾಳೆ."

ಕೈ ತೊಳೆದು ಬಂದು, ಅಜ್ಜಿಯ ಮುಖ ನೋಡಲಾಗದೆ ತಲೆ ತಗ್ಗಿಸಿಯೇ ಕ್ಯಾರೆಟ್ಟಿನ ಕೊಕ್ಕು ತಿದ್ದಿದೆ. ಮೆಣಸಿನ ಕಾಳುಗಳನ್ನು ಕಣ್ಣಾಗಿ ಒತ್ತಿದೆ. ಹಂಸ ಮುಗಿಯಿತು.