ಐದು ಮನೆಯ ಊರು

ಹಲ್ಲಿನ ಸೆಟ್ಟು ಕಟ್ಟುವವನಿಗೆ ಒಂದು ಚಟವಿತ್ತು. ಕುಡಿತವಲ್ಲ, ಇಸ್ಪೀಟಲ್ಲ, ಅವಾಗಿದ್ದರೂ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಿತ್ತು ಎಂದು ಅವನ ಹೆಂಡತಿ ನಗುತ್ತಿದ್ದಳು. ಗುಜರಿಗೆ ಬಿದ್ದ ಹಳೆಯ ವಿಡಿಯೊ ಗೇಮುಗಳನ್ನು, ಅದೂ ಕೈಯಲ್ಲಿ ಹಿಡಿದು ಆಡುವಂಥವನ್ನೇ, ಚಿಲ್ಲರೆ ಕಾಸಿಗೆ ತಂದು, ತಿಕ್ಕಿ ಒರೆಸಿ, ಜೀವ ಬರಿಸಿ ಆಡುವುದು ಅವನ ಚಟ. ಐವತ್ತಕ್ಕೆ ಎರಡು ಕಮ್ಮಿ ವಯಸ್ಸಿನ ಗಂಡಸು ಕನ್ನಡಕ ಹಣೆಗೇರಿಸಿಕೊಂಡು, ಅಂಗೈ ಅಗಲದ ಪರದೆಯಲ್ಲಿ ಕಪ್ಪೆ ಹಾರಿಸುತ್ತ ಕೂತಿದ್ದರೆ ಯಾರಿಗಾದರೂ ನಗು ಬರಬೇಕಾದದ್ದೇ.

"ನಿಮ್ಮ ಹಲ್ಲೂ ಸುಳ್ಳು, ಆಟಾನೂ ಸುಳ್ಳು. ಈ ಮನೇಲಿ ನಿಜ ಅಂತ ಇರೋಳು ನಾನೊಬ್ಳು. ನನ್ನ ಕಡೆ ಮಾತ್ರ ತಿರುಗಿ ನೋಡಲ್ಲ," ಎಂದು ಅವಳು ರೇಗಿಸುತ್ತಿದ್ದಳು.

ಅವನಲ್ಲಿ ಒಂದು ಕಟ್ಟುನಿಟ್ಟಿತ್ತು. ಆಟದ ಕ್ಯಾಸೆಟ್ಟು ಕೈಗೆ ಬಂದ ದಿನವೇ ಅದರ ಬೆನ್ನು ಬಿಚ್ಚಿ, ಒಳಗಿನ ಬಿಲ್ಲೆಯಂಥ ಸೆಲ್ಲನ್ನು ಕಿತ್ತು ಹೊಸದನ್ನು ಬೆಸೆಯುತ್ತಿದ್ದ. ಆ ಪುಟ್ಟ ಸೆಲ್ಲಿನ ಬಲದಿಂದಲೇ ಆಟ ತನ್ನ ನೆನಪು ಉಳಿಸಿಕೊಳ್ಳುವುದು. ಕಿತ್ತರೆ ಹಿಂದಿನವರು ಆಡಿದ್ದೆಲ್ಲ ಅಳಿಸಿಹೋಗುತ್ತದೆ. ಅವನಿಗೆ ಬೇಕಾದದ್ದೂ ಅದೇ. "ಇನ್ನೊಬ್ಬರ ಎಂಜಲು ತಟ್ಟೇಲಿ ಉಣ್ಣೋಕಾಗುತ್ತಾ?" ಎನ್ನುತ್ತಿದ್ದ. ಹಾಗೆ ಎಷ್ಟು ಮಕ್ಕಳ ಎಷ್ಟು ಬೇಸಿಗೆ ರಜೆಗಳನ್ನು ಒರೆಸಿ ಹಾಕಿದ್ದನೋ, ಲೆಕ್ಕ ಇಟ್ಟವನಲ್ಲ.

ಒಂದು ಭಾನುವಾರ ಗುಜರಿ ಅಂಗಡಿಯ ಅಕ್ಕ ಅವನಿಗೆಂದೇ ತೆಗೆದಿಟ್ಟಿದ್ದ ಬೂದು ಬಣ್ಣದ ಯಂತ್ರವನ್ನು ಕೊಟ್ಟಳು. ಕ್ಯಾಸೆಟ್ಟು ಅದರೊಳಗೇ ಸಿಕ್ಕಿಕೊಂಡಿತ್ತು. ಮರುದಿನ ಮಧ್ಯಾಹ್ನ, ತನ್ನ ಕೆಲಸದ ಕೋಣೆಯಲ್ಲಿ ಯಾರದೋ ದವಡೆಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಅದು ಗಟ್ಟಿಯಾಗುವತನಕ ಇರಲಿ ಎಂದು ಯಂತ್ರಕ್ಕೆ ಬ್ಯಾಟರಿ ಹಾಕಿದ. ಬಿಚ್ಚುವ ಮೊದಲು ಓಡುತ್ತದೋ ಇಲ್ಲವೋ ನೋಡಬೇಕಲ್ಲ.

ಓಡಿತು. ಐದು ಮನೆಯ ಒಂದು ಊರು. ನಡುವೆ ತೋಟ, ತೋಟದ ತುಂಬ ಕಳೆ. ಹಿಂದೆ ಆಡಿದವಳು ತನಗಿಟ್ಟುಕೊಂಡ ಹೆಸರು ಗುಬ್ಬಿ. ಅವನನ್ನೇ ಗುಬ್ಬಿ ಎಂದುಕೊಂಡು ಒಂದು ಆಮೆ ಎದುರಿಗೆ ಓಡಿಬಂತು. "ಗುಬ್ಬೀ! ನಾಲ್ಕು ವರ್ಷ ಆಯ್ತಲ್ಲ, ಎಲ್ಲಿಗೆ ಹೋಗಿದ್ದೆ? ಅಪ್ಪ ಇನ್ನೂ ಬಂದಿಲ್ಲ."

ಅವನು ಕನ್ನಡಕವನ್ನು ಹಣೆಯಿಂದ ಇಳಿಸಿ ಇನ್ನೊಮ್ಮೆ ನೋಡಿದ. ಆಟದ ಮಾತೆಲ್ಲ ಇಂಗ್ಲಿಷಿನದು. ಕೊನೆಯ ಬಾಲ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಇಂಥ ಆಟಗಳು ಅವನಿಗೆ ಗೊತ್ತು. ನೆರೆಹೊರೆಯ ಪ್ರಾಣಿಗಳಿಗೆ ನಾವು ಏನಾದರೊಂದು ಮಾತು ಕಲಿಸಬಹುದು, ಆಮೇಲೆ ಅವು ಏನೇ ಹೇಳಿದರೂ ಕೊನೆಗೆ ಅದನ್ನು ಸೇರಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಮಕ್ಕಳು ಬೈಗುಳ ಕಲಿಸಿರುತ್ತಾರೆ. ಗುಬ್ಬಿ ಐದೂ ಮನೆಯವರಿಗೆ ಇದೊಂದೇ ಮಾತು ಕಲಿಸಿದ್ದಳು. "ಇವತ್ತು ಹೊಳೇಲಿ ಮೀನು ಜಾಸ್ತಿ, ಅಪ್ಪ ಇನ್ನೂ ಬಂದಿಲ್ಲ," ಎಂದಿತು ಬೆಕ್ಕು. "ನನ್ನ ಹೊಸ ಟೋಪಿ ಹೇಗಿದೆ, ಅಪ್ಪ ಇನ್ನೂ ಬಂದಿಲ್ಲ," ಎಂದಿತು ಕಪ್ಪೆ.

ಊರ ಕಟ್ಟೆಯ ಬಳಿಯ ಹಲಗೆಯ ಮೇಲೆ ಅವಳು ಬರೆದ ಸಾಲುಗಳಿದ್ದವು. ಇವತ್ತು ಆರನೇ ಸೂಜಿ, ಆಮೆ ಅಜ್ಜನಿಗೆ ಹೇಳಿಲ್ಲ. ಕೂದಲೆಲ್ಲ ಹೋಯ್ತು, ಕಪ್ಪೆ ಟೋಪಿ ಕೊಡ್ತು. ಅಲ್ಲಿಂದ ಮುಂದೆ ಏನೂ ಇರಲಿಲ್ಲ.

ಪ್ಲಾಸ್ಟರ್ ಗಟ್ಟಿಯಾಗಿ ಎಷ್ಟೋ ಹೊತ್ತಾಗಿತ್ತು. ಅಂದು ಅವನು ಕ್ಯಾಸೆಟ್ಟಿನ ಬೆನ್ನು ಬಿಚ್ಚಲಿಲ್ಲ.

ಆ ವಾರವೆಲ್ಲ ಊಟದ ಹೊತ್ತಿಗೆ ಅವನು ಅದನ್ನೇ ಹಿಡಿದು ಕೂತ. ಕಳೆ ಕಿತ್ತ. ಬೆಕ್ಕಿಗೆ ಮೀನು ಹಿಡಿದುಕೊಟ್ಟ. ಆದರೆ ಏನು ಕೊಟ್ಟರೂ, ಏನು ಕೇಳಿದರೂ ಕೊನೆಗೆ ಅದೇ ಮಾತು. ಹೆಂಡತಿ ಬಡಿಸುವಾಗ, ಹಲ್ಲಿನ ಡಾಕ್ಟರು ಫೋನಿನಲ್ಲಿ ಅಳತೆ ಹೇಳುವಾಗ, ಅವರ ಮಾತು ಮುಗಿದ ಮೇಲೂ ಇನ್ನೇನೋ ಉಳಿದಿದೆ ಅನ್ನಿಸಿ ಅವನು ಕಾಯುತ್ತಿದ್ದ. ಯಂತ್ರ ಆರಿಸಿಟ್ಟರೂ ಒಳಗೆ ಐವರು ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿದ್ದಾರೆ ಎನ್ನಿಸುತ್ತಿತ್ತು. ಹೆದರಿಕೆಯೋ ಕನಿಕರವೋ ಅವನಿಗೇ ತಿಳಿಯಲಿಲ್ಲ. ಎರಡೂ ಇತ್ತು ಅನ್ನಿ.

ಶುಕ್ರವಾರ ಆಮೆ ಕೇಳಿತು, "ಗುಬ್ಬೀ, ಹೇಳಿದ್ದೇ ಹೇಳಿ ಸಾಕಾಯ್ತು. ಹೊಸ ಮಾತೇನಾದ್ರೂ ಕಲಿಸ್ತೀಯಾ? ಅಪ್ಪ ಇನ್ನೂ ಬಂದಿಲ್ಲ." ಆಗಾಗ ಹಾಗೆ ಕೇಳುವುದು ಆಟದ ರೂಢಿ. ಅವನು ಹೆಚ್ಚು ಯೋಚಿಸಲಿಲ್ಲ. ಅಪ್ಪ ಬಂದಾಯ್ತು, ಎಂದು ಒಂದೊಂದೇ ಅಕ್ಷರ ಒತ್ತಿದ. "ಆಹಾ, ಇದು ಚೆನ್ನಾಗಿದೆ, ಅಪ್ಪ ಬಂದಾಯ್ತು!" ಎಂದು ಆಮೆ ಕುಣಿಯಿತು. ಅವನಿಗೆ ಕಣ್ಣು ತುಂಬಿ ಬಂತು. ಉಳಿದ ನಾಲ್ವರೂ ಹಾಗೆ ಕೇಳಿದಾಗಲೆಲ್ಲ ಅದನ್ನೇ ಕಲಿಸಿ, ಒಟ್ಟು ಎಂಟು ದಿನ ಹಿಡಿದು ಕೊನೆಗೆ ಉಳಿದ ಕಪ್ಪೆಯೂ ಒಪ್ಪಿದ ದಿನ ಹಗುರಾಗಿ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡ.

ಅದರ ಮರುವಾರ ಬಾಗಿಲಲ್ಲಿ ಒಬ್ಬ ನಿಂತಿದ್ದ. ಬಿಸಿಲಿಗೆ ಒಂದು ಕೈ ಮಾತ್ರ ಕಪ್ಪಾಗಿತ್ತು, ಲಾರಿಯವರಿಗೆ ಆಗುವ ಹಾಗೆ.

"ಗುಜರಿ ಅಕ್ಕ ಇಲ್ಲಿಗೆ ಕಳಿಸಿದ್ರು ಸಾರ್. ಬೂದು ಬಣ್ಣದ್ದೊಂದು ಗೇಮ್... ನಮ್ಮ ಹುಡುಗೀದು. ನಾನು ಗಾಡಿ ಮೇಲೆ ಹೋಗಿದ್ದಾಗ ನಮ್ಮಕ್ಕ ಅವಳ ಕೋಣೆ ಖಾಲಿ ಮಾಡಿ ಎಲ್ಲಾ ಹಾಕ್ಬಿಟ್ಟಿದ್ದಾಳೆ. ನನಗೆ ಸಂಕಟ ಆಗ್ಬಾರ್ದು ಅಂತ."

ಹಲ್ಲಿನವನು ಯಂತ್ರ ತಂದು ಅವನ ಕೈಗಿಟ್ಟ. ಲಾರಿಯವನಿಗೆ ಹೊತ್ತಿಸುವುದೇ ಗೊತ್ತಿರಲಿಲ್ಲ. ಇವನೇ ಹೊತ್ತಿಸಿ, ಪರದೆಯನ್ನು ದೀಪದ ಕಡೆ ಓರೆ ಮಾಡಿ ಹಿಡಿದ. ಆಮೆ ಓಡಿಬಂತು. ಲಾರಿಯವನು ತುಟಿ ಅಲ್ಲಾಡಿಸುತ್ತ, ಬಿಡಿಸಿ ಬಿಡಿಸಿ ಓದಿದ. ಕೊನೆಯ ಎರಡು ಮಾತಿಗೆ ಬಂದವನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟ.

"ಅವಳಿಗೆ ಗೊತ್ತಾಗಿತ್ತು," ಎಂದ. "ಸಾರ್, ಅವಳಿಗೆ ಗೊತ್ತಾಗಿತ್ತು! ಅವಳಿಗೆ ಜಾಸ್ತಿಯಾಗಿದೆ ಅಂತ ಸುದ್ದಿ ಬಂದಾಗ ನಾನು ಎರಡು ದಿನದ ದಾರಿಯಷ್ಟು ದೂರದಲ್ಲಿದ್ದೆ. ಹೇಗೋ ಬಂದೆ. ಮಧ್ಯಾಹ್ನ ಬಂದೆ, ಸಾಯಂಕಾಲ ಹೋದ್ಲು. ಕಣ್ಣು ಬಿಡಲೇ ಇಲ್ಲ. ಇದು ದಿಂಬಿನ ಪಕ್ಕದಲ್ಲೇ ಇತ್ತು. ನಾನು ಬಂದಿದ್ದು ಅವಳಿಗೆ ತಿಳೀತೋ ಇಲ್ವೋ ಅಂತ ನಾಲ್ಕು ವರ್ಷದಿಂದ ಸ್ಟೇರಿಂಗ್ ಹಿಡಿದಾಗೆಲ್ಲ ಅದೇ ಕೊರೆತ. ನಡುವೆ ಔಷಧಿ ತರೋಕೆ ಒಂದ್ಸಲ ಆಸ್ಪತ್ರೆಯಿಂದ ಕೆಳಗೆ ಇಳಿದಿದ್ದೆ ನೋಡಿ, ಆಗ ಬರೆದಿರ್ಬೇಕು. ಅಲ್ವಾ?"

ಐವರಿಗೆ ಕಲಿಸಲು ತನಗೆ ಎಂಟು ದಿನ ಹಿಡಿದದ್ದು ಹಲ್ಲಿನವನಿಗೆ ಗೊತ್ತಿತ್ತು. ಹೇಳಿಬಿಡೋಣ ಎಂದುಕೊಂಡ. ಲಾರಿಯವನ ಮುಖ ನೋಡಿದ. ಪರದೆಯನ್ನು ಇನ್ನಷ್ಟು ದೀಪದ ಕಡೆ ತಿರುಗಿಸಿದ.

"ಇದು ಹೀಗೇ ಇರುತ್ತಾ ಸಾರ್?"

"ಇರಲ್ಲ. ಒಳಗಿನ ಸೆಲ್ ಮುಗೀತಾ ಬಂದಿದೆ." ಅಷ್ಟಂತೂ ನಿಜ. "ಇವತ್ತೋ ನಾಳೇನೋ ಎಲ್ಲಾ ಅಳಿಸಿಹೋಗುತ್ತೆ."

"ಏನಾದ್ರೂ ಮಾಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಮಾಡಲು ಒಂದೇ ದಾರಿ. ಯಂತ್ರವನ್ನು ಆರಿಸದೆ, ಅದು ಓಡುತ್ತಿರುವಾಗಲೇ ಹಳೆಯ ಸೆಲ್ ಕಿತ್ತು ಹೊಸದನ್ನು ಬೆಸೆಯಬೇಕು. ಅಷ್ಟು ಹೊತ್ತು ಯಂತ್ರದ ಬ್ಯಾಟರಿಯೇ ಆಟದ ನೆನಪನ್ನು ಹಿಡಿದಿಟ್ಟಿರುತ್ತದೆ. ಪರದೆ ಒಂದು ಸಲ ಮಿಟುಕಿದರೂ ಊರು ಉಳಿಯುವುದಿಲ್ಲ. ಕ್ಯಾಸೆಟ್ಟಿನ ಬೆನ್ನು ಬಿಚ್ಚಿ, "ಗಟ್ಟಿಯಾಗಿ ಹಿಡ್ಕೊಳ್ಳಿ, ಅಲ್ಲಾಡಿಸ್ಬೇಡಿ," ಎಂದು ಬೆಸುಗೆಯ ಕಡ್ಡಿ ಕಾಯಿಸಿದ. ಲಾರಿಯವನು ಎರಡೂ ಕೈಯಿಂದ ಹಿಡಿದುಕೊಂಡ. ಹಳೆಯ ಸೆಲ್ ಕಳಚಿತು. ಊರು ಇನ್ನೂ ಇತ್ತು.

ಕೈ ಒಂದಿಷ್ಟು ಜಾರಿದರೆ ಸಾಕು ಎಂದು ಹಲ್ಲಿನವನಿಗೆ ಆಗ ಹೊಳೆಯಿತು. ತಾನು ಕಲಿಸಿದ ಮಾತು ಹೋಗುತ್ತದೆ, ಕೇಳುವವರಿರುವುದಿಲ್ಲ, ತನ್ನ ಸುಳ್ಳಿಗೆ ಸಾಕ್ಷಿಯೂ ಇರುವುದಿಲ್ಲ. ಕಡ್ಡಿಯ ತುದಿಯಲ್ಲಿ ಹೊಗೆ ಏಳುತ್ತಿತ್ತು.

"ಸಾರ್," ಎಂದ ಲಾರಿಯವನು, ಕೈ ಅಲ್ಲಾಡಿಸದೆ. "ನಿಮ್ಮ ಕೈಗೆ ಬಂದಾಗ್ಲೂ ಇವೆಲ್ಲ ಹೀಗೇ ಹೇಳ್ತಿದ್ವಾ?"

ತವರ ಕರಗಿ ಹೊಸ ಸೆಲ್ಲಿನ ಅಂಚಿಗೆ ಹರಿಯಿತು.

"ಹೌದು," ಎಂದ ಹಲ್ಲಿನವನು. "ಹೀಗೇ." ಕಡ್ಡಿ ತೆಗೆದ. ತವರ ಗಟ್ಟಿಯಾಯಿತು.

ಲಾರಿಯವನು ಯಂತ್ರವನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಒಳಗಿಟ್ಟುಕೊಂಡ. ಕೊಟ್ಟ ದುಡ್ಡನ್ನು ಹಲ್ಲಿನವನು ಮುಟ್ಟದಿದ್ದಾಗ ಅವನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡ.

"ಬೇರೆ ಯಾರಾದ್ರೂ ಆಗಿದ್ರೆ ಅಳಿಸಿಬಿಡ್ತಿದ್ರು ಸಾರ್. ನೀವು ನನ್ನ ಮಗಳ ಮಾತು ಉಳಿಸಿಕೊಟ್ರಿ."

ಅವನು ಹೋದಮೇಲೆ ಹಲ್ಲಿನವನು ಬೆಸುಗೆಯ ಕಡ್ಡಿ ಆರಿಸಿಟ್ಟ. ಆ ಹುಡುಗಿ ನಿಜವಾಗಿ ಕಲಿಸಿದ್ದ ಮಾತು ಈಗ ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ, ಅವನೊಬ್ಬನ ತಲೆಯೊಳಗಿತ್ತು. ಅದನ್ನು ಅಲ್ಲಿಂದ ಕಿತ್ತು ತೆಗೆಯುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ.