ಹತ್ತದೆ ಇಳಿದ ಮಕ್ಕಳು

“ಇವತ್ತೂ ಕದ್ದಿದ್ದಾನೆ. ಬಾ, ನೀನೇ ನೋಡು,” ಎಂದ ದೊಡ್ಡಪ್ಪ, ಅವಳು ಚಪ್ಪಲಿ ಬಿಡುವುದಕ್ಕೂ ಮುಂಚೆ.

ಹೊರಗೆ ಅಂಗಳದಲ್ಲಿ ಶಾಲೆಯ ವ್ಯಾನು ನಿಂತಿತ್ತು. ಮಕ್ಕಳನ್ನು ಮನೆ ಮುಟ್ಟಿಸಿ ಈಗಷ್ಟೇ ಬಂದಿದ್ದರಿಂದ ಬಾನೆಟ್ಟಿನ ಬಿಸಿ ಆರಿರಲಿಲ್ಲ. ಒಳಗೆ ಹಾಲಿನ ಮೂಲೆಯಲ್ಲಿ, ದೊಡ್ಡಮ್ಮನ ಹಳೆಯ ಹೊಲಿಗೆ ಮೆಷಿನ್ನಿನ ಮೇಲೆ ಹಲಗೆ ಹಾಕಿ ಕಂಪ್ಯೂಟರ್ ಇಟ್ಟಿದ್ದರು. ದೊಡ್ಡಪ್ಪ ಅದರ ಮುಂದೆ ಕಳ್ಳನನ್ನು ಕಾಯುವವನ ಹಾಗೆ ಕೂತಿದ್ದ.

ಅವಳು ಪ್ರೆಸ್ಸಿನಲ್ಲಿ ಪುಸ್ತಕದ ಪುಟ ಜೋಡಿಸುವವಳು. ದಿನವಿಡೀ ಸ್ಕ್ರೀನಿನ ಮುಂದೆ ಕೂರುತ್ತಾಳೆ ಎಂಬ ಒಂದೇ ಕಾರಣಕ್ಕೆ ನೆಂಟರಿಷ್ಟರಿಗೆಲ್ಲ ಅವಳೇ ಕಂಪ್ಯೂಟರ್ ಡಾಕ್ಟರು. ಶಾಲೆಯವರು ಹೊಸದಾಗಿ ಒಂದು ನಿಯಮ ಮಾಡಿದ್ದರು: ವ್ಯಾನಿನ ಡ್ರೈವರುಗಳು ಪ್ರತಿ ಸಂಜೆ ಯಾವ ಮಗು ಹತ್ತಿತು, ಯಾವ ಮಗು ಇಳಿಯಿತು ಎಂದು ಕಂಪ್ಯೂಟರಿನಲ್ಲಿ ತುಂಬಬೇಕು. ತುಂಬದವರ ರೂಟು ಬೇರೆಯವರಿಗೆ. ದೊಡ್ಡಪ್ಪನಿಗೆ ಗೊತ್ತಿದ್ದ ಕೆಲಸ ಅದೊಂದೇ. ವ್ಯಾನು ಬಿಟ್ಟರೆ ಅವನಿಗೆ ಬೆಳಿಗ್ಗೆ ಏಳುವುದಕ್ಕೂ ಕಾರಣವಿರಲಿಲ್ಲ. ಆದರೆ ಕಂಪ್ಯೂಟರು ಬಂದಾಗಿನಿಂದ ಅದಕ್ಕೆ ದಿನಕ್ಕೊಂದು ಕಾಯಿಲೆ. ಒಮ್ಮೆ ಸ್ಟಾರ್ಟ್ ಬಟನ್ ಕಾಣೆ, ಇನ್ನೊಮ್ಮೆ ಶಾಲೆಯ ಫೋಲ್ಡರೇ ಕಾಣೆ. ಅವಳು ಬಂದು ನೋಡಿದರೆ ಎಲ್ಲವೂ ಇದ್ದ ಜಾಗದಲ್ಲೇ ಇರುತ್ತಿತ್ತು. ಅವಳು ಹೋದ ಮೇಲೆ ಮತ್ತೆ ಮಾಯ.

ಕಳ್ಳ ಯಾರೆಂಬುದನ್ನು ದೊಡ್ಡಪ್ಪ ಯಾವತ್ತೋ ತೀರ್ಮಾನಿಸಿಬಿಟ್ಟಿದ್ದ. ದೊಡ್ಡಮ್ಮನ ತಮ್ಮ. ಗೋದಾಮಿನ ಕೆಲಸ ಕಳೆದುಕೊಂಡು ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವನು ವರ್ಷವಾದರೂ ಹೋಗಿರಲಿಲ್ಲ. ದೊಡ್ಡಪ್ಪ ಅವನಿಗೆ ‘ಸಾಹೇಬ್ರು’ ಎಂದು ಹೆಸರಿಟ್ಟಿದ್ದ. ಈಗ ಬೀದಿಯವರೂ ಹಾಗೆಯೇ ಕರೆಯುತ್ತಿದ್ದರು.

“ಸಾಹೇಬ್ರ ಹತ್ರ ಲೈಸೆನ್ಸ್ ಇದೆ ಕಣೇ. ನನ್ನ ಹೆಸರು ಕೆಟ್ಟರೆ ಸ್ಟೀರಿಂಗು ತಾನಾಗಿ ಅವರ ಕೈಗೆ ಬರುತ್ತಲ್ಲ!”

“ನನ್ನ ತಮ್ಮನ ತಲೆ ಮೇಲೆ ಗೂಬೆ ಕೂರಿಸ್ಬೇಡಿ,” ಎಂದಳು ದೊಡ್ಡಮ್ಮ ಅಡುಗೆಮನೆಯಿಂದ. “ಅವನಿಗೆ ಆ ಡಬ್ಬ ಆನ್ ಮಾಡೋಕೂ ಬರಲ್ಲ.”

“ಬರಲ್ಲ ಅನ್ನೋರೇ ಎಲ್ಲಾ ಮಾಡೋದು.”

ಅವಳಿಗೂ ಅನುಮಾನ ಇಲ್ಲದೆ ಇರಲಿಲ್ಲ. ಸಾಹೇಬ್ರು ಸದ್ದಿಲ್ಲದೆ ಓಡಾಡುವ ಮನುಷ್ಯ, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಒಂದು ದಿನ ನಿಂತ ವ್ಯಾನಿನ ಡ್ರೈವರ್ ಸೀಟಿನಲ್ಲಿ ಅವನು ಸುಮ್ಮನೆ ಸ್ಟೀರಿಂಗು ಹಿಡಿದು ಕೂತಿದ್ದನ್ನು ಅವಳೇ ನೋಡಿದ್ದಳು. ಅದಕ್ಕೇ ಹೋದ ಸಲ ಬಂದಾಗ ಪಾಸ್‌ವರ್ಡ್ ಬದಲಾಯಿಸಿ, ಹೊಸದನ್ನು ದೊಡ್ಡಪ್ಪನ ಕಿವಿಯಲ್ಲಷ್ಟೇ ಹೇಳಿ ಹೋಗಿದ್ದಳು. ಇನ್ನು ಕಳ್ಳ ಸಿಕ್ಕಿಬೀಳುತ್ತಾನೆ ಎಂದುಕೊಂಡಿದ್ದಳು.

“ಪಾಸ್‌ವರ್ಡ್ ಯಾರಿಗಾದ್ರೂ ಹೇಳಿದ್ರಾ?”

“ನಾನ್ಯಾಕೆ ಹೇಳ್ಲಿ?” ದೊಡ್ಡಪ್ಪ ಅವಳನ್ನು ಒಂದು ಕ್ಷಣ ದಿಟ್ಟಿಸಿದ. “ನೀನೇನಾದ್ರೂ ಹೇಳಿದ್ಯಾ?”

“ನಾನಾ?”

“ಕೇಳಿದೆ ಅಷ್ಟೇ. ಮಧ್ಯಾಹ್ನ ಶಾಲೆಯಿಂದ ಆ ಮೇಡಮ್ಮು ಫೋನ್ ಮಾಡಿದ್ಲು. ‘ಏನ್ರೀ, ನಿಮ್ಮ ವ್ಯಾನಲ್ಲಿ ಮಕ್ಕಳು ಹತ್ತದೇನೇ ಇಳೀತಾರಾ?’ ಅಂತಾಳೆ. ಪಕ್ಕದಲ್ಲಿ ಯಾರೋ ಕಿಸಕ್ಕಂತ ನಕ್ಕಿದ್ದೂ ಕೇಳಿಸ್ತು. ಇನ್ನೊಂದು ಸಲ ಹೀಗಾದ್ರೆ ಬೇರೆ ಡ್ರೈವರ್ ನೋಡ್ಕೋತಾರಂತೆ.”

“ಮೇಲಿಂದ ಉದುರಿರ್ತಾವೆ ಬಿಡಿ,” ಎಂದಳು ದೊಡ್ಡಮ್ಮ. ಯಾರೂ ನಗಲಿಲ್ಲ.

ಅವಳು ಶಾಲೆಯ ಪುಟ ತೆರೆದಳು. ನಡುವೆ ಮಕ್ಕಳ ಹೆಸರು. ಎಡಕ್ಕೆ ‘ಹತ್ತಿದರು’ ಎಂಬ ಚೌಕಗಳು, ಬಲಕ್ಕೆ ‘ಇಳಿದರು’. ಬಲಗಡೆಯ ಚೌಕಗಳಿಗೆಲ್ಲ ಒಂದೂ ಬಿಡದೆ ಗುರುತು ಬಿದ್ದಿತ್ತು. ಎಡಗಡೆ ಪೂರ್ತಿ ಖಾಲಿ. ಹಿಂದಿನ ದಿನಗಳದ್ದೂ ಹಾಗೆಯೇ.

“ಈ ಕಡೇದು ಯಾಕೆ ತುಂಬಿಲ್ಲ?”

“ಯಾವ ಕಡೇದು? ಇರೋದೇ ಒಂದು ಸಾಲು. ಇನ್ನೊಂದನ್ನ ಅವನು ತೆಗೆದು ಹಾಕಿದ್ದಾನೆ ಅಂತ ತಾನೇ ನಾನು ಬಡ್ಕೊಳ್ತಿರೋದು?”

ತಮಾಷೆ ಮಾಡುತ್ತಿದ್ದಾನೆಯೇ ಎಂದು ಅವಳು ಮುಖ ನೋಡಿದಳು. ಇಲ್ಲ. ಹಾಗಾದರೆ ಸೋಮಾರಿತನಕ್ಕೆ ತುಂಬದೆ ಬಿಟ್ಟು, ಸುಳ್ಳು ಹೇಳಿ, ಭಾವಮೈದುನನನ್ನು ಮನೆಯಿಂದ ಓಡಿಸಲು ನೋಡುತ್ತಿದ್ದಾನಾ? ಅದೂ ಆಗಬಹುದು. ಅವಳು ಖಾಲಿ ಚೌಕದ ಮೇಲೆ ಬೆರಳಿಟ್ಟು ಟಕಟಕ ಕುಟ್ಟಿದಳು. ದೊಡ್ಡಪ್ಪ ಸದ್ದಿನ ಕಡೆಗೆ ಕತ್ತು ಹೊರಳಿಸಿದ.

“ಹಾಂ, ಬಂತು! ಈಗೆಲ್ಲಿಂದ ತಂದೆ?”

ಅವಳು ಪುಟ ಮುಚ್ಚಿ, ಫೋಲ್ಡರನ್ನು ಸ್ಕ್ರೀನಿನ ಬಲತುದಿಗೆ ಎಳೆದಳು. “ಇದನ್ನ ನೋಡಬೇಡಿ. ಸ್ಕ್ರೀನಿನ ನಡು ನೋಡ್ತಾ ಇರಿ. ಫೋಲ್ಡರ್ ಇದೆಯಾ?”

“ಇದೆ.”

ಮೌಸನ್ನು ಮೆಲ್ಲಗೆ ಎಡಕ್ಕೆ ಸರಿಸಿದಳು. “ಈಗ?”

“ಇದೆ.” ಫೋಲ್ಡರು ನಡುಭಾಗ ದಾಟಿತು. ದೊಡ್ಡಪ್ಪ ಕುರ್ಚಿಯಿಂದ ಅರ್ಧ ಎದ್ದ. “ಹೋಯ್ತು! ನೋಡಿದ್ಯಾ? ನಿನ್ನ ಕಣ್ಣೆದುರೇ ಎಗರಿಸಿದ! ರೂಮಲ್ಲಿ ಕೂತ್ಕೊಂಡು ಮೊಬೈಲಿಂದ ಮಾಡ್ತಿದ್ದಾನೆ!”

ಸಾಹೇಬ್ರು ರೂಮಿನಲ್ಲಿರಲಿಲ್ಲ. ಕಿಟಕಿಯಾಚೆ, ಪ್ಯಾಂಟು ಮಂಡಿಯವರೆಗೆ ಮಡಚಿ, ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ವ್ಯಾನು ಒರೆಸುತ್ತಿದ್ದ. ಎಡಬದಿಯ ಉದ್ದಕ್ಕೂ ಬಿದ್ದ ಹೊಸ ಗೀರುಗಳ ಮೇಲೆ ಅವನ ಕೈ ಹೋಗಿ ಬರುತ್ತಿತ್ತು. ಆ ಗೀರುಗಳೂ ಅವನದೇ ಕೆಲಸ, ಕದ್ದು ವ್ಯಾನು ಓಡಿಸುತ್ತಾನೆ ಎಂದು ದೊಡ್ಡಪ್ಪ ಹೋದ ವಾರ ರಂಪ ಮಾಡಿದ್ದ.

ಅವಳು ಇದುವರೆಗೆ ಕಳುವಾದದ್ದನ್ನೆಲ್ಲ ನೆನೆಸಿಕೊಂಡಳು. ಸ್ಟಾರ್ಟ್ ಬಟನ್, ಫೋಲ್ಡರು, ಚೌಕದ ಸಾಲು. ಎಲ್ಲವೂ ಎಡಗಡೆಯವು. ಬಲಗಡೆಯದು ಒಂದೂ, ಒಮ್ಮೆಯೂ ಕಳುವಾಗಿರಲಿಲ್ಲ. ಮಕ್ಕಳು ಹತ್ತಿ ಇಳಿಯುವ ಬಾಗಿಲು ಇರುವುದೂ ವ್ಯಾನಿನ ಎಡಕ್ಕೇ.

“ದೊಡ್ಡಪ್ಪ, ಕಂಪ್ಯೂಟರಿಗೆ ಏನೂ ಆಗಿಲ್ಲ. ಯಾರೂ ಏನೂ ಕದ್ದಿಲ್ಲ. ನಿಮಗೆ ಎಡಗಡೆ ಕಾಣ್ತಿಲ್ಲ.”

“ಏನಂದೆ?”

“ಎಡಗಡೆ ಇರೋದು ಕಾಣ್ತಿಲ್ಲ ನಿಮಗೆ. ಡಾಕ್ಟರ ಹತ್ರ ಹೋಗ್ಬೇಕು. ನಾಳೆ ವ್ಯಾನು ತೆಗೀಬೇಡಿ.”

ದೊಡ್ಡಪ್ಪ ಎಲ್ಲ ಅರ್ಥವಾದವನಂತೆ ತಲೆಯಾಡಿಸಿದ. “ಇದನ್ನ ಹೇಳು ಅಂತ ಅವನು ನಿನ್ನ ಕಿವಿ ಊದಿದನಾ?”

“ಅವರ ಜೊತೆ ನಾನು ಮಾತೇ ಆಡಿಲ್ಲ.”

“ಮೊನ್ನೆ ತಾನೇ ಕಣ್ಣು ಟೆಸ್ಟ್ ಮಾಡಿಸಿದೀನಿ. ಕೊನೇ ಸಾಲಲ್ಲಿ ಇರುವೆ ಥರಾ ಅಕ್ಷರ ಇರ್ತಾವಲ್ಲ, ಅದನ್ನೂ ಓದಿದೆ. ಕನ್ನಡಕದ ಅಂಗಡಿಯೋನೇ ಶಹಬ್ಬಾಸ್ ಅಂದ.”

“ಎದುರಿಗಿರೋದನ್ನ ಓದಿದ್ರಿ.”

ದೊಡ್ಡಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದಳು. “ತಟ್ಟೇಲಿ ಅರ್ಧ ಅನ್ನ ಹಾಗೇ ಬಿಟ್ಟು ಏಳ್ತಾರೆ ಕಣೇ,” ಎಂದಳು ಅವಳಿಗೆ ಮಾತ್ರ ಹೇಳುವಂತೆ. “ಒಂದೇ ಪಕ್ಕದ್ದು. ನನ್ನ ಅಡುಗೆ ಸೇರ್ತಿಲ್ಲ ಅಂದ್ಕೊಂಡಿದ್ದೆ.”

“ಓಹೋ. ಅಕ್ಕ, ತಮ್ಮ ಸಾಲ್ದು ಅಂತ ಇವಳನ್ನೂ ಸೇರಿಸ್ಕೊಂಡ್ರಾ?” ದೊಡ್ಡಪ್ಪ ಗೋಡೆಯ ಮೊಳೆಯಿಂದ ವ್ಯಾನಿನ ಕೀ ತೆಗೆದ. “ಬಾ. ಪಕ್ಕದಲ್ಲಿ ಕೂತ್ಕೋ. ಒಂದು ಸುತ್ತು ಹೊಡೆದು ತೋರಿಸ್ತೀನಿ. ಎಲ್ಲಾದ್ರೂ ತಾಗಿಸಿದ್ರೆ ಆಮೇಲೆ ಮಾತಾಡು.”

“ಬೇಡ ಅಂದೆನಲ್ಲ.”

“ಹೆದರಿಕೆಯಾ? ಸುಳ್ಳು ಹೇಳೋರಿಗೆ ಹೆದರಿಕೆ ಇರ್ಬೇಕು.”

ಅವನನ್ನು ಒಬ್ಬನೇ ಬಿಡುವ ಹಾಗಿರಲಿಲ್ಲ. ಅವಳು ಓಡಿಹೋಗಿ ಎಡಗಡೆಯ ಸೀಟಿನಲ್ಲಿ ಕೂತು ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟಳು. ದೊಡ್ಡಪ್ಪ ಅದನ್ನು ನೋಡಲಿಲ್ಲ. ಇಂಜಿನ್ ಸದ್ದಾದ ಕೂಡಲೇ ಸಾಹೇಬ್ರು ಬಟ್ಟೆ ಬಕೆಟ್ಟಿಗೆ ಎಸೆದು ಗೇಟಿನತ್ತ ಓಡಿದ. ಎರಡೂ ಬಾಗಿಲು ಸರಿಸಿ, ರಸ್ತೆಯ ಆ ಕಡೆ ಈ ಕಡೆ ನೋಡಿ, ವ್ಯಾನಿನ ಮುಂದೆ ಎಡಗಡೆಗೆ ಬಂದು ನಿಂತು, ತಾಳಿ ಎನ್ನುವಂತೆ ಕೈ ಎತ್ತಿದ.

ವ್ಯಾನು ಮುಂದಕ್ಕೆ ಹೊರಟಿತು.

“ಎಲ್ಲಿ ಹಾಳಾಗಿ ಹೋದ ಇವನು?” ಎಂದ ದೊಡ್ಡಪ್ಪ, ನೇರ ರಸ್ತೆಯ ಮೇಲೆ ಕಣ್ಣಿಟ್ಟು. “ಗೇಟು ತೆಗೆದೋನು ಗಾಡಿ ಬರ್ತಿದೆಯಾ ಇಲ್ವಾ ಹೇಳ್ಬೇಡ್ವಾ? ಬೇಕಂತಲೇ ಬಚ್ಚಿಟ್ಕೊಂಡಿದ್ದಾನೆ.”

ಅವಳು ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದಳು. ವ್ಯಾನು ಒಮ್ಮೆ ಕುಲುಕಿ ನಿಂತಿತು, ಇಂಜಿನ್ ಆಫಾಯಿತು.

“ಏನೇ ನಿನ್ನ...”

“ಮುಖ ಈ ಕಡೆ ತಿರುಗಿಸಿ.”

“ಯಾಕೆ?”

“ತಿರುಗಿಸಿ ದೊಡ್ಡಪ್ಪ. ನನ್ನ ಕಡೆ.”

ಏನೋ ಮೋಸವಿದೆ ಎಂಬಂತೆ ಅವನು ನಿಧಾನವಾಗಿ ಕತ್ತು ಹೊರಳಿಸಿದ. ಗಾಜಿನಾಚೆ, ಬಂಪರಿಗೆ ಹೊಟ್ಟೆ ತಾಗುವಷ್ಟು ಹತ್ತಿರ, ಸಾಹೇಬ್ರು ನಿಂತಿದ್ದ. ಎತ್ತಿದ ಕೈಯಿಂದ ಸೋಪಿನ ನೀರು ಮೊಣಕೈಗುಂಟ ಇಳಿಯುತ್ತಿತ್ತು.

ದೊಡ್ಡಪ್ಪ ಮತ್ತೆ ಮುಂದೆ ನೋಡಿದ. ಸ್ವಲ್ಪ ತಡೆದು ಎಡಕ್ಕೆ ತಿರುಗಿದ. ಮತ್ತೆ ಮುಂದೆ. ಮತ್ತೆ ಎಡಕ್ಕೆ. ಏನಾಯಿತೆಂದು ತಿಳಿಯದ ಸಾಹೇಬ್ರು, ಇಳಿಸು ಎಂದು ಯಾರೂ ಹೇಳದೆ ಇದ್ದುದರಿಂದ, ಎತ್ತಿದ ಕೈ ಹಾಗೆಯೇ ಹಿಡಿದು ನಿಂತಿದ್ದ.